ಸರೋಜಮ್ಮನವರ ಎಡಗಡೆ ಕನ್ನಡಿ

ಕೋವಿಡ್ ಗಲಾಟೆ ಮುಗಿದು ಸಂತೆಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ಆಗ ನಾನು ತುಮಕೂರಿನಲ್ಲಿ, ಗುಬ್ಬಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಿದ್ದೆ. ಈಗ ಅದನ್ನು ಅಳಿಯನಿಗೆ ವಹಿಸಿ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತಿದ್ದೇನೆ. ಈ ಕಸುಬಿನಲ್ಲಿ ಎಂಜಿನ್ ಇಳಿಸಿದ್ದೇನೆ, ಗೇರ್ ಬಾಕ್ಸ್ ಬಿಚ್ಚಿದ್ದೇನೆ, ಪಲ್ಟಿ ಹೊಡೆದ ಲಾರಿಗಳನ್ನು ಮತ್ತೆ ರಸ್ತೆಗೆ ಇಳಿಸಿದ್ದೇನೆ. ಆದರೆ ಮರೆಯಲಾಗದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನೆನಪಿಗೆ ಬರುವುದು ಒಂದು ಪಿಕಪ್‌ನ ಸೈಡ್ ಮಿರರ್.

ಆ ಪಿಕಪ್ ಅಮೃತೂರು ಕಡೆಯ ಕೆಂಪಣ್ಣನವರದು. ಗಂಡ ಹೆಂಡತಿ ಇಬ್ಬರೂ ಸ್ಟೀಲ್ ಪಾತ್ರೆ ತುಂಬಿಕೊಂಡು ಕುಣಿಗಲ್, ಗುಬ್ಬಿ, ಹುಲಿಯೂರುದುರ್ಗ ಎಂದು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಗಾಡಿ ಓಡಿಸುವುದು ಕೆಂಪಣ್ಣ. ಅವರ ಹೆಂಡತಿ ಸರೋಜಮ್ಮ ಎಡಗಡೆ ಸೀಟಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ಮಿರರ್ ಹಿಡಿದುಕೊಂಡು ಕೂತಿರುತ್ತಿದ್ದರು. ಅದು ಶೋಕಿಗಲ್ಲ. ಸೈಡ್ ಮಿರರ್ ಬಾಗಿಲಿಗೆ ಒಂದು ತೋಳಿನ ಮೂಲಕ ಕೂರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಗೋಡೆಗೆ ತಗುಲದಿರಲಿ ಎಂದು ಆ ತೋಳು ಮಡಚಿಕೊಳ್ಳುವಂತೆ ಮಾಡಿರುತ್ತಾರೆ. ಅದರ ಕೀಲಿನೊಳಗೆ ಒಂದು ಸ್ಪ್ರಿಂಗ್, ಹಲ್ಲಿರುವ ಒಂದು ವಾಷರ್ ಇರುತ್ತದೆ. ಇವರ ಗಾಡಿಯಲ್ಲಿ ಹಲ್ಲು ಸವೆದು, ಸ್ಪ್ರಿಂಗ್ ಸೋತು, ಎದುರು ಗಾಳಿಗೆ ಮಿರರ್ ಹಿಂದಕ್ಕೆ ಮಡಚಿಕೊಂಡು ಬಾಗಿಲಿಗೆ ಅಂಟಿಕೊಳ್ಳುತ್ತಿತ್ತು.

ಸಡಿಲ ಇರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸರ್ವೀಸಿಗೆ ಬಂದಾಗಲೆಲ್ಲ ರೇಗುತ್ತಿದ್ದೆ. "ಏನ್ ಕೆಂಪಣ್ಣ, ಅಕ್ಕನ್ ಕೈಗೆ ಬಿಡುವೇ ಕೊಡಲ್ವಾ ನೀವು? ಅರ್ಧ ಗಂಟೆ ಕೆಲ್ಸ, ಬಿಚ್ಲಾ?"

ಕೆಂಪಣ್ಣ ನಗುತ್ತಿದ್ದರು. ಉತ್ತರ ಕೊಡುತ್ತಿದ್ದದ್ದು ಸರೋಜಮ್ಮ. "ಸುಮ್ನಿರಿ ಮೇಸ್ತ್ರಿ. ಇದೊಂದು ಕೆಲ್ಸ ಇಲ್ದೇ ಹೋದ್ರೆ ನಂಗೆ ನಿದ್ದೆ ಬತ್ತದೆ. ನಾನು ಮಲ್ಕೊಂಡ್ರೆ ಇವರೂ ಸ್ಟೇರಿಂಗ್ ಮೇಲೇ ಮಲ್ಕೋತಾರೆ."

ಹೊರಡುವಾಗ ನಮ್ಮ ಗೇಟಿನ ಹತ್ತಿರ ಗಾಡಿ ನಿಲ್ಲುತ್ತಿತ್ತು. ಸರೋಜಮ್ಮ ಕುತ್ತಿಗೆ ಹೊರಗೆ ಚಾಚಿ, ರಸ್ತೆ ನೋಡಿ, "ಹೂಂ, ನಡೀರಿ" ಎನ್ನುತ್ತಿದ್ದರು. ಆಮೇಲೆಯೇ ಕೆಂಪಣ್ಣ ಕ್ಲಚ್ ಬಿಡುತ್ತಿದ್ದದ್ದು. ಹೈವೇಯಲ್ಲಿ ಕಣ್ಮರೆಯಾಗುವ ತನಕ ಹಸಿರು ಬಳೆಯ ಆ ಕೈ ಮಿರರ್ ಮೇಲೆ ಕಾಣುತ್ತಿತ್ತು. ಇವರದು ಒಳ್ಳೆ ಜೋಡಿ ಎಂದು ನಾನು ಗ್ಯಾರೇಜಿನ ಹುಡುಗರಿಗೆ ಹೇಳಿ ನಗುತ್ತಿದ್ದೆ.

ಒಂದು ಮಧ್ಯಾಹ್ನ ಕೆಂಪಣ್ಣ ಒಬ್ಬರೇ ಬಂದರು. ಗಾಡಿಯಲ್ಲಿ ಸಾಮಾನಿರಲಿಲ್ಲ. ಇಳಿದವರು ಬಾಗಿಲು ಹಿಡಿದು ನಿಂತರು.

"ಆ ಎಡಗಡೆ ಕನ್ನಡಿ ಸರಿ ಮಾಡಿ ಮೇಸ್ತ್ರಿ. ಗುಬ್ಬೀಲಿ ಎಡಕ್ಕೆ ತಿರುಗುಸ್ವಾಗ ಒಂದು ಸ್ಕೂಟಿ ಹೆಣ್ಮಗಳು ಚಕ್ರದ ಕೆಳಗೇ ಬಂದುಬಿಡ್ತಿದ್ಲು. ಪುಣ್ಯ, ಕಿರುಚ್ಕೊಂಡ್ಲು."

"ಅಕ್ಕ ಎಲ್ಲಿ?" ಎಂದೆ.

"ಅವಳಿಲ್ಲ. ಹೋಗ್ಬುಟ್ಲು" ಎಂದರು.

ಟೂಲ್ ಬಾಕ್ಸ್ ತಂದುಕೊಂಡು ಕೂತೆ. ಕೈಗೆ ಕೆಲಸ ಸಿಕ್ಕರೆ ಬಾಯಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಮಿರರ್‌ನ ತೋಳಿಗೆ ಹಳೇ ಸೀರೆಯ ಅಂಚನ್ನು ಸುತ್ತಿದ್ದರು. ಬಿಸಿಲಿಗೆ ಕಾದ ಕಬ್ಬಿಣ ಕೈ ಸುಡದಿರಲಿ ಎಂದು ಸರೋಜಮ್ಮನೇ ಸುತ್ತಿಕೊಂಡಿದ್ದು. ಅದನ್ನು ತೆಗೆಯದೆ ಕೀಲು ಬಿಚ್ಚುವಂತಿರಲಿಲ್ಲ. ನಾನು ಅವರ ಮುಖ ನೋಡಿದೆ. ಕೆಂಪಣ್ಣ ತಾವೇ ಬಂದು ಗಂಟು ಬಿಚ್ಚಿ, ಬಟ್ಟೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಆಮೇಲೆ ಅವರೇ ಹೇಳತೊಡಗಿದರು. ಮನೆಯ ಮುಂದೆ ಪಾತ್ರೆ ಜೋಡಿಸುತ್ತಿದ್ದಾಗ ಸರೋಜಮ್ಮನಿಗೆ ಎದೆ ಹಿಡಿದುಕೊಂಡಿತ್ತು. ಆಂಬುಲೆನ್ಸಿಗೆ ಕಾಯುವ ಧೈರ್ಯ ಬರದೆ ಇದೇ ಗಾಡಿಯಲ್ಲಿ ಕೂರಿಸಿಕೊಂಡು ಕುಣಿಗಲ್ ಕಡೆ ಹೊರಟಿದ್ದರು.

"ಕೂತ ತಕ್ಷಣ ಕೈ ಹೊರಗೆ ಹಾಕಿ ಕನ್ನಡಿ ಹಿಡ್ಕೊಂಡ್ಲು ಮೇಸ್ತ್ರಿ. ಬೇಡ ಕಣೇ, ಸುಮ್ನೆ ಒರಗ್ಕೋ ಅಂದೆ. ಕೇಳಲಿಲ್ಲ. ನಾನು ರೋಡ್ ನೋಡ್ತಾ ಓಡಿಸ್ತಿದ್ದೆ, ಅವಳ ಕಡೆ ತಿರುಗೋಕೆ ಆಗ್ತಿರಲಿಲ್ಲ. ಕನ್ನಡಿ ನಿಂತೈತೆ, ಅವಳಿಗೆ ಏನೂ ಆಗಿಲ್ಲ ಅಂತ ಓಡಿಸ್ತಿದ್ದೆ. ಊರು ಇನ್ನೇನು ಬಂತು ಅನ್ನೋವಾಗ ಕನ್ನಡಿ ಮಡಚ್ಕೊಂಡ್ತು."

ನನ್ನ ಕೈಯಲ್ಲಿ ಸ್ಪ್ಯಾನರ್ ನಿಂತಿತು. ತಲೆ ಎತ್ತಿ ಅವರನ್ನು ನೋಡುವುದು ನನ್ನಿಂದಾಗಲಿಲ್ಲ.

ಕೆಂಪಣ್ಣ ಮೂಗು ಒರೆಸಿಕೊಂಡರು. ಮಗಳು ಗಾಡಿ ಮಾರಿಬಿಡು, ನನ್ನ ಜೊತೆ ಬಂದಿರು ಎಂದು ಹಟ ಹಿಡಿದಿದ್ದಳಂತೆ. "ಸಂತೆ ಬಿಟ್ಟು ನಾನೇನು ಮಾಡ್ಲಿ? ನಾಳೆ ಕುಣಿಗಲ್ ಸಂತೆ. ಕನ್ನಡಿ ನಿಂತ್ರೆ ಹೋಗ್ತೀನಿ. ಎಡಗಡೆ ಕಾಣ್ದೇ ಹೋದ್ರೆ ಇನ್ನೊಬ್ಬರ ಜೀವಕ್ಕೆ ಯಾಕೆ ಕಷ್ಟ, ಮಾರ್ಬಿಡ್ತೀನಿ."

ಹಾಗಾಗಿ ಆ ಅರ್ಧ ಗಂಟೆಯ ಕೆಲಸಕ್ಕೆ ನಾನು ಸಂಜೆಯವರೆಗೆ ಕೂತೆ. ತುಕ್ಕು ಉಜ್ಜಿ, ಹೊಸ ಸ್ಪ್ರಿಂಗ್, ಹೊಸ ವಾಷರ್ ಹಾಕಿ, ಲಾಕ್ ನಟ್ ಬಿಗಿದೆ. ತೀರಾ ಬಿಗಿ ಮಾಡುವಂತಿಲ್ಲ. ಏನಾದರೂ ತಗುಲಿದಾಗ ತೋಳು ಮಡಚಿಕೊಳ್ಳಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಗಾಳಿಗೆ ಬಗ್ಗಬಾರದು, ಕೈಗೆ ಬಗ್ಗಬೇಕು. ಮಿರರ್ ಕೂರಿಸಲು ಇಬ್ಬರು ಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬರು, ಹೊರಗೆ ಒಬ್ಬರು. "ಇನ್ನೊಂಚೂರು ಹೊರಗೆ... ಸಾಕು, ಕಾಣ್ತದೆ" ಎಂದರು ಕೆಂಪಣ್ಣ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹೈವೇಯಲ್ಲಿ ಒಂದು ಸುತ್ತು ಹಾಕಿ ಬಂದೆ. ಮಿರರ್ ಅಲುಗಲಿಲ್ಲ. ನಾಳೆ ಸಂತೆಗೆ ಹೋಗಬಹುದು ಎಂದಾಗ ಅವರ ಮುಖ ಸ್ವಲ್ಪ ಹಗುರಾಯಿತು.

ಸ್ಟೇರಿಂಗ್ ಹಿಡಿದು ಹೊರಟವರು ಗೇಟಿನಲ್ಲಿ ನಿಂತರು. ರಸ್ತೆ ಸೇರುವ ಮೊದಲು ನಿಲ್ಲಿಸುವುದು ಸರಿಯೇ. ಒಂದು ಲಾರಿ ಹೋಯಿತು, ಬಸ್ಸೊಂದು ಹೋಯಿತು, ರಸ್ತೆ ಖಾಲಿಯಾಯಿತು. ಗಾಡಿ ಕದಲಲಿಲ್ಲ. ನಾನು ಅಷ್ಟು ಹೊತ್ತು ಕೂತು ನಿಲ್ಲಿಸಿಕೊಟ್ಟ ಕನ್ನಡಿಯನ್ನು ಕೆಂಪಣ್ಣ ನೋಡುತ್ತಿರಲಿಲ್ಲ. ಪಕ್ಕದ ಸೀಟಿನ ಕಡೆ ತಲೆ ವಾಲಿಸಿ ಕಾಯುತ್ತಿದ್ದರು.

ನಾನು ಬಿರಬಿರನೆ ಹೋಗಿ ಎಡಗಡೆ ಬಾಗಿಲ ಪಕ್ಕ ನಿಂತೆ. ರಸ್ತೆಯನ್ನು ಎರಡೂ ಕಡೆ ನೋಡಿದೆ.

"ಹೂಂ, ನಡೀರಿ" ಎಂದೆ.

ಗಾಡಿ ಹೊರಟಿತು.

ಕೆಂಪಣ್ಣ ಇವತ್ತಿಗೂ ಸಂತೆ ಮಾಡುತ್ತಾರೆ, ಮಿರರ್ ಬಿಗಿಯಾಗಿಯೇ ಇದೆ. ಸವೆದದ್ದನ್ನು ಬದಲಾಯಿಸುವುದು ಮೆಕ್ಯಾನಿಕ್ಕಿನ ಕೈಲಿದೆ, ಹೋದವರ ಜಾಗ ತುಂಬುವುದು ಅವನ ಕೈಲಿಲ್ಲ. ಆದರೆ ಗೇಟಿನವರೆಗೆ ನಡೆದುಹೋಗುವುದು ಕೈಲಿದೆ. ಅಂದಿನಿಂದ ಒಬ್ಬರೇ ಓಡಿಸಿಕೊಂಡು ಬಂದ ಯಾವ ಗಾಡಿಯನ್ನೂ ಕೂತಲ್ಲಿಂದಲೇ ಕೈ ಬೀಸಿ ಕಳಿಸಿದವನಲ್ಲ. ಗ್ಯಾರೇಜಿನ ಬೀಗದ ಕೈ ಕೊಡುವ ದಿನ ಅಳಿಯನಿಗೆ ಹೇಳಿದ್ದೂ ಅದೊಂದನ್ನೇ, ಗೇಟಿನ ತನಕ ಹೋಗು, ರಸ್ತೆ ನೋಡು, ನಡೀರಿ ಅಂತ ಬಾಯಿಬಿಟ್ಟು ಹೇಳು.