ಸಭೆಯಲ್ಲಿ ಕೇಳಿದ ಬಸ್ಸು

ನಮ್ಮದು ತಮಿಳು ಸೀಮೆಯಲ್ಲಿರುವ ಕನ್ನಡದ ಮನೆ. ನಲ್ಲಂಪಳ್ಳಿ ಹತ್ತಿರದ ನಮ್ಮೂರಿನಿಂದ ಪಾಪಿರೆಡ್ಡಿಪಟ್ಟಿ ಕಡೆಯ ದೊಡ್ಡವ್ವನ ಊರಿಗೆ ನೇರ ಬಸ್ಸಿಲ್ಲ. ಅವ್ವ ಮೊದಲೆಲ್ಲ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿಳಿದು ತನ್ನ ಆ ಅಕ್ಕನ ಮನೆ ಸೇರುತ್ತಿದ್ದಳು. ಮಂಡಿ ಸೋತ ಮೇಲೆ ಮೂರು ಬಸ್ಸು ಬದಲಾಯಿಸುವುದು ಅವಳಿಂದಾಗಲಿಲ್ಲ. ಅಕ್ಕನನ್ನು ನೆನೆದಾಗಲೆಲ್ಲ ಸರ್ಕಾರವನ್ನು ಬೈಯುತ್ತಿದ್ದಳು.

“ಎಂಗಸ್ರಿಗೆ ಟಿಕೆಟ್ ಬ್ಯಾಡ ಅಂದವ್ರೆ, ಸರಿ. ಬಸ್ಸೇ ಇಲ್ದೋಳು ಟಿಕೆಟ್ ಇಲ್ದೆ ಯಾತರಾಗೆ ಓಗ್ಲಿ?”

ನಾನು ತಮಿಳಿನಲ್ಲಿ ಅರ್ಜಿ ಬರೆದು ನಮ್ಮ ಶಾಸಕರಿಗೆ ಕೊಟ್ಟೆ. ಪುಣ್ಯಾತ್ಮರು ನಿಜವಾಗಿ ವಿಧಾನಸಭೆಯಲ್ಲಿ ಕೇಳಿದರು! ಫೋನಿನಲ್ಲಿ ಹಾಕಿದ ಸಭೆಯ ವಿಡಿಯೊದಲ್ಲಿ ಅಕ್ಕನ ಊರಿನ ಹೆಸರು ಬಂದದ್ದೇ ಅವ್ವ ಸೆರಗು ಸರಿಮಾಡಿಕೊಂಡು ಕೂತಳು. ಮಂತ್ರಿ ಎದ್ದು ತಮ್ಮ ನಾಯಕರನ್ನು ಹೊಗಳಿದರು, ಅವರ ಕಡೆಯವರು ಮೇಜು ಕುಟ್ಟಿದರು, ಮಂತ್ರಿ ಮತ್ತೆ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ನಮ್ಮ ಪಾಲಿಗೆ ಸಿಕ್ಕಿದ್ದು ಒಂದೇ ಮಾತು: ಸಾಧ್ಯತೆ ಇದ್ದರೆ ಪರಿಶೀಲಿಸಲಾಗುವುದು.

ಆ ಕಚೇರಿ ತಮಿಳು ಅವ್ವನಿಗೆ ಹತ್ತಲಿಲ್ಲ. “ಏನಂದ್ರುಲಾ?” ಎಂದಳು. ಅವಳ ಮುಖದಲ್ಲಿದ್ದ ಆಸೆ ನೋಡಿ, “ಬಸ್ ಬುಡ್ತಾರಂತೆ ಕಣವ್ವ” ಅಂದುಬಿಟ್ಟೆ.

ನಮ್ಮಲ್ಲಿ ನಾಲ್ಕು ಜನರ ಮುಂದೆ ಕೊಟ್ಟ ಮಾತನ್ನು ಯಾರೂ ನುಂಗುವುದಿಲ್ಲ. ಅಷ್ಟು ದೊಡ್ಡ ಸಭೆಯ ಮಾತೆಂದರೆ ಅವ್ವನಿಗೆ ಬಸ್ಸು ಬಂದಷ್ಟೇ ಖಚಿತ. ಕೂಡಲೇ ಅಕ್ಕನಿಗೆ ಫೋನು ಮಾಡಿಸಿದಳು. ಆಟೋ ಮಾಡಿಕೊಂಡು ಹೋಗೋಣ ಎಂದರೆ, “ಸಭೇನಾಗೆ ಒಪ್ಕಂಡವ್ರೆ, ಬಸ್ನಾಗೇ ಓಗಾನ” ಎನ್ನುತ್ತಿದ್ದಳು. ದೊಡ್ಡವ್ವ ಅಲ್ಲಿ ದಿನಾ ರಸ್ತೆಗೆ ಬಂದು ನೋಡುತ್ತಾಳೆ ಎಂಬ ಸುದ್ದಿ ಬರುತ್ತಿತ್ತು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಅವ್ವನನ್ನು ಬಲವಂತವಾಗಿ ಆಟೋ ಹತ್ತಿಸಿದೆ. ಆಟೋ ಓಣಿಯ ತುದಿಯಲ್ಲೇ ನಿಂತಿತು, ಅಲ್ಲಿಂದ ನಡೆಸಿಕೊಂಡು ಹೋದೆ. ಅಷ್ಟರಲ್ಲಿ ದೊಡ್ಡವ್ವನ ಕಣ್ಣು ಪೂರಾ ಮಂಜಾಗಿತ್ತು. ನಾನು ಅವತ್ತೇ ನಿಜ ಹೇಳಿದ್ದರೆ ಅವಳು ತಂಗಿಯನ್ನು ಕಣ್ತುಂಬ ನೋಡುತ್ತಿದ್ದಳು. ಈಗ ಅವ್ವನ ಮುಖವನ್ನು ಎರಡೂ ಕೈಯಲ್ಲಿ ತಡವಿ ತಡವಿ ಗುರುತು ಹಿಡಿದಳು.

“ಬಸ್ ಬಂತೇನೇ?”

ಅವ್ವ ನನ್ನ ಕಡೆ ನೋಡಿದಳು. “ಊಂ ಅಕ್ಕಯ್ಯ, ಬಂತು” ಎಂದಳು.

ದೊಡ್ಡವ್ವ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

“ಅಂಗಾದ್ರೆ ಇನ್ನೇನು ಬುಡು. ಬರೋ ಸುಕ್ರವಾರ ನಾನೇ ಬತ್ತೀನಿ. ನಿಮ್ಮೂರ ಸ್ಟಾಪ್‌ತಾವ ನಿಂತಿರು, ನಂಗೆ ಕಣ್ ಕಾಣಾಕಿಲ್ಲ.”