ಜಿಡ್ಡು ಬಿಟ್ಟ ಕಲ್ಲು

ವಜ್ರದ ಗಣಿಯ ಶೋಧನಾ ಕೊಠಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಜಿಡ್ಡಣ್ಣ ಎಂದು. ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿದವನು. ಇಳಿಜಾರು ಮೇಜಿಗೆ ಬೆರಳು ದಪ್ಪ ಗ್ರೀಸ್ ಬಳಿದು, ಅದರ ಮೇಲೆ ನೀರಿನೊಂದಿಗೆ ಪುಡಿಗಲ್ಲು ಹರಿಸುತ್ತಿದ್ದ. ಬೇರೆ ಕಲ್ಲುಗಳು ಒದ್ದೆಯಾಗಿ ಜಾರಿಹೋಗುತ್ತವೆ. ಮೈಗೆ ನೀರು ಅಂಟದ ವಜ್ರ ಮಾತ್ರ ಜಿಡ್ಡಿಗೆ ಕಚ್ಚಿಕೊಳ್ಳುತ್ತದೆ. "ಹೆಂಡ್ತಿ ಬೇಕಾದ್ರೆ ತವರಿಗೆ ಹೋದಾಳು, ವಜ್ರ ಜಿಡ್ಡು ಬಿಟ್ಟು ಹೋಗಲ್ಲ" ಎನ್ನುವುದು ಅವನ ಹಳೆಯ ಮಾತು.

ಆ ಬೇಸಿಗೆಯಲ್ಲಿ ಅದೇ ಮಾತು ಅವನ ಕೊರಳಿಗೆ ಸುತ್ತಿಕೊಂಡಿತು. ಮೇಜಿನಲ್ಲಿ ಸಿಗುವ ವಜ್ರ ದಿನೇದಿನೇ ಕಡಿಮೆಯಾಯಿತು.

"ಬಿಟ್ಟು ಹೋಗಲ್ಲ ಅಂತಿದ್ದೆ. ಮತ್ತೆ ಎಲ್ಲಿಗ್ ಹೋಯ್ತಪ್ಪಾ, ರೆಕ್ಕೆ ಬಂತಾ?" ಮೇಸ್ತ್ರಿ ಎಲ್ಲರೆದುರೇ ಕೇಳಿದ. ಗೇಟಿನ ಕಾವಲುಗಾರ ಜಿಡ್ಡಣ್ಣನ ಬೂಟಿನ ಹಿಮ್ಮಡಿ ಕಿತ್ತು ನೋಡಿದ.

ಹೆಂಡತಿ ಅಂಗಿ ನೆನೆಹಾಕುವ ಮುನ್ನ ಜೇಬು ತಿರುವಿಹಾಕುತ್ತಿದ್ದಳು. ಮದುವೆಯಾದಾಗಿನಿಂದಲೂ ಅದೇ ರೂಢಿ. ಅಂದು ಅದು ಅವನ ಕಣ್ಣಿಗೆ ಚುಚ್ಚಿತು.

"ನೀನೂ ಹುಡುಕ್ತಿದೀಯಾ?"

"ಅಯ್ಯೋ, ಜೇಬಲ್ಲಿ ಮೊಳೆ ಬಿಟ್ಟು ನನ್ನ ಬೆರಳು ಕುಯ್ಸಿದ್ದು ಮರ್ತೋಯ್ತಾ?"

ಅವನು ನಗಲಿಲ್ಲ.

ಕೊನೆಗೆ ಗಣಿಯ ಪ್ರಯೋಗಾಲಯದಾಕೆ ಬಂದು ಮೇಜನ್ನಲ್ಲ, ನೀರನ್ನು ಪರೀಕ್ಷಿಸಿದಳು. ಬಾವಿ ಬತ್ತಿದ ಮೇಲೆ ತ್ಯಾಜ್ಯದ ಹೊಂಡದ ನೀರನ್ನೇ ಮತ್ತೆ ಮತ್ತೆ ಹರಿಸುತ್ತಿದ್ದರು.

"ಇದರಲ್ಲಿ ಲವಣ ಜಾಸ್ತಿ. ತೆಳ್ಳಗೆ ಪೊರೆ ಕಟ್ಟಿದ್ರೆ ಸಾಕು, ವಜ್ರಾನೂ ಒದ್ದೆಯಾಗತ್ತೆ. ಆಮೇಲೆ ಜಿಡ್ಡಿಗೆ ಅಂಟಲ್ಲ."

ಜಿಡ್ಡಣ್ಣನಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. "ಏನಮ್ಮಾ, ವಜ್ರ ನನ್ನ ಮೇಜು ಬಿಟ್ಟು ಹೋಯ್ತು ಅಂತೀರಾ?"

"ಹೋಗ್ಲಿಲ್ಲ ಅಂದ್ರೆ ಕಳ್ಳ ನೀವೇ ಆಗ್ತೀರಲ್ಲಣ್ಣಾ. ಯಾವುದು ಬೇಕು?"

ಅವನು ಕೈಯ ಗ್ರೀಸ್ ಒರೆಸಿಕೊಂಡ. ಆಮೇಲೆ ತಾನೇ ಸಲಿಕೆ ಹಿಡಿದು, ಮೇಜಿನಿಂದ ಜಾರಿದ ಕಲ್ಲೆಲ್ಲ ಬಿದ್ದಿದ್ದ ತ್ಯಾಜ್ಯದ ರಾಶಿಯತ್ತ ನಡೆದ.

ತಂದ ಕಲ್ಲನ್ನು ಪೀಪಾಯಿಯಲ್ಲಿ ಒರಟು ಮರಳಿನೊಂದಿಗೆ ಉರುಳಿಸಿ, ಪೊರೆ ಉಜ್ಜಿ, ಹೊರಗಿನಿಂದ ತರಿಸಿದ ಶುದ್ಧ ನೀರಿನಲ್ಲಿ ಮೇಜಿನ ಮೇಲೆ ಹರಿಯಬಿಟ್ಟರು. ಮೇಸ್ತ್ರಿ ಕೈಕಟ್ಟಿ ನೋಡುತ್ತಿದ್ದ. ಜಾರುತ್ತ ಬಂದ ಒಂದು ಹರಳು ಗಕ್ಕನೆ ನಿಂತಿತು. ಹಿಂದೆಯೇ ಇನ್ನೊಂದು.

ಮೇಸ್ತ್ರಿ ಕೆಮ್ಮಿದ. "ನೀರಿಂದಾನೇ ಅಂತ ಯಾರಿಗ್ ಗೊತ್ತಿತ್ತು" ಎಂದ. ಅಷ್ಟೇ ಎಂದ.

ಸಂಜೆ ಕಾವಲುಗಾರ "ಹೋಗಿ ಅಣ್ಣಾ" ಎಂದು ಕೈಬೀಸಿದರೂ ಜಿಡ್ಡಣ್ಣ ನಿಂತು, ಬೂಟು ಬಿಚ್ಚಿ ತೋರಿಸಿಯೇ ಹೊರಟ. ಮನೆಯಲ್ಲಿ ಅಂಗಿ ಬಿಚ್ಚಿ, ಜೇಬನ್ನು ತಾನೇ ಹೊರಕ್ಕೆಳೆದು ಅದನ್ನು ಹೆಂಡತಿಯ ಕೈಗಿಟ್ಟ. ಅವಳು ಅವನ ಮುಖ ನೋಡಿದಳು. ಜೇಬನ್ನು ಒಳಕ್ಕೆ ತಳ್ಳಿ, ಎಂದಿನಂತೆ ತಾನೇ ತಿರುವಿಹಾಕಿ, ಅಂಗಿಯನ್ನು ನೀರಿಗೆ ಹಾಕಿದಳು.