ನಲ್ಲಪ್ಪನ ಕಾಲುಗುಣ

ಕೆಂಚಾರ್ಲಹಳ್ಳಿಯ ನಲ್ಲಪ್ಪನಿಗೆ ಸಿಕ್ಕಿದ್ದ ಕೆಲಸಕ್ಕೂ ಅವನ ಸ್ವಭಾವಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಕೆಲಸವೆಂದರೆ ರೇಷ್ಮೆಯ ಬಿತ್ತನೆ ಗೂಡನ್ನು ಸೈಕಲ್ಲಿನ ಮೇಲೆ ಶಿಡ್ಲಘಟ್ಟಕ್ಕೆ ಸಾಗಿಸುವುದು. ನೂಲು ತೆಗೆಯುವ ಗೂಡಾದರೆ ಮೂಟೆಗೆ ತುರುಕಿ ಹೇಗೆ ಬೇಕಾದರೂ ಎತ್ತಿಹಾಕಬಹುದು, ಒಳಗಿನ ಹುಳ ಹೇಗೂ ಬಿಸಿನೀರಲ್ಲಿ ಸಾಯುವುದೇ. ಬಿತ್ತನೆ ಗೂಡು ಹಾಗಲ್ಲ. ಅದರೊಳಗಿನ ಹುಳ ಬದುಕಿರಬೇಕು, ಚಿಟ್ಟೆಯಾಗಿ ಹೊರಬರಬೇಕು, ಮೊಟ್ಟೆ ಇಡಬೇಕು; ಮುಂದಿನ ಬೆಳೆಯೆಲ್ಲ ಆ ಮೊಟ್ಟೆಯಿಂದಲೇ. ಬಿದಿರಿನ ಕುಕ್ಕೆಯಲ್ಲಿ ಸಡಿಲವಾಗಿ ಹರಡಿ, ತಂಪುಹೊತ್ತಿನಲ್ಲಿ, ಗುಂಡಿ ಬಂದಲ್ಲಿ ಇಳಿದು ತಳ್ಳಿಕೊಂಡು ಒಯ್ಯಬೇಕು. ಅಂದರೆ ಆ ಸೈಕಲ್ಲಿನ ಮೇಲೆ ಕೂತವನಿಗೆ, ಯಾರು ತನ್ನನ್ನು ಹಿಂದೆ ಹಾಕಿದರೂ ಸುಮ್ಮನಿರುವ ಗುಣ ಇರಬೇಕು. ನಲ್ಲಪ್ಪನಿಗೆ ಇಲ್ಲದ್ದು ಅದೊಂದೇ.

ಖಾಲಿ ಕುಕ್ಕೆ ಕಟ್ಟಿಕೊಂಡು ವಾಪಸ್ಸು ಬರುವಾಗ ಅವನು ಅಂಚೆಯವನನ್ನೂ ಬಿಡುತ್ತಿರಲಿಲ್ಲ, ನೆಂಟರ ಮನೆಗೆ ಹೊರಟ ಮುದುಕರನ್ನೂ ಬಿಡುತ್ತಿರಲಿಲ್ಲ. ಪಕ್ಕಕ್ಕೊಂದು ಸೈಕಲ್ ಬಂದರೆ ಸಾಕು, ಮಳೆ ಬೆಳೆಯ ಮಾತಾಡುತ್ತಲೇ ತನ್ನ ಮುಂದಿನ ಚಕ್ರವನ್ನು ಗೇಣುದ್ದ ಮುಂದಕ್ಕೆ ಇಡುವನು. ಅವರು ಸಮಕ್ಕೆ ಬಂದರೆ ಮತ್ತೊಂದು ಗೇಣು. "ಯಾಕಪ್ಪ ಇಷ್ಟು ಅರ್ಜೆಂಟು?" ಎಂದು ಕೇಳಿದರೆ, "ಅರ್ಜೆಂಟೆಲ್ಲಿ? ನಾನು ಆರಾಮಾಗೇ ಹೋಗ್ತಿದೀನಲ್ಲ" ಎಂದು ಏದುಸಿರು ಬಿಡುತ್ತ ಹೇಳುವನು. ಎಷ್ಟೋ ಜನ ಅವನ ಹತ್ತಿರ ಸೋತಿದ್ದರು. ಪಂದ್ಯವೊಂದು ನಡೆಯಿತು ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಗಬೇಡಿ. ಅವನಪ್ಪ ಬಯ್ಯಪ್ಪ ಜೀವಮಾನವೆಲ್ಲ ದಾರಿ ಬಿಟ್ಟು ನಿಂತವನು. ದೊಡ್ಡ ಮನೆಯವರ ಗಾಡಿ ಬಂದರೆ ರಸ್ತೆಯಿಂದ ಇಳಿದು ಬೇಲಿಗೆ ಒತ್ತರಿಸಿಕೊಂಡು ನಿಲ್ಲುತ್ತಿದ್ದ. ಸೈಕಲ್ ಏರಿದ ದಿನವೇ ನಲ್ಲಪ್ಪ, ತಾನಿನ್ನು ಯಾರಿಗೂ ದಾರಿ ಬಿಡುವವನಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದ. ಆ ತೀರ್ಮಾನ ತಪ್ಪೆನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೂ ಗೂಡು ಹೇರಿದ ದಿನ ಮಾತ್ರ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೋಗುತ್ತಿದ್ದ. ವರ್ಷಗಟ್ಟಲೆ ಹಾಗೆ ತಡೆದುಕೊಂಡ, ಅದನ್ನೂ ಹೇಳಬೇಕು.

ಐವತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದಲ್ಲಿ ಮೊಟ್ಟೆ ತಯಾರಿಸುತ್ತಿದ್ದ ವೆಂಕಟರಾಮಪ್ಪ, ಆರಿಸಿದ ಕೆಲವೇ ಮನೆಗಳಿಂದ ಬಿತ್ತನೆ ಗೂಡು ಕೊಳ್ಳುತ್ತಿದ್ದ. ನಲ್ಲಪ್ಪನ ಕೇರಿಯಲ್ಲಿ ಅಂಥ ಒಂದು ಮನೆಯೂ ಇರಲಿಲ್ಲ. ಆ ಕೇರಿಯ ಮನೆಗಳಲ್ಲಿ ಹುಳ ಹಸನಾಗುವುದಿಲ್ಲ ಎಂಬ ಮಾತನ್ನು ದೊಡ್ಡ ಮನೆಯ ಅಮ್ಮಾಜಮ್ಮ ಜಗುಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಅದನ್ನು ಸುಳ್ಳು ಮಾಡಬೇಕೆಂದು ಹಟ ತೊಟ್ಟವಳು ನಲ್ಲಪ್ಪನ ಹೆಂಡತಿ ಮುನಿಶಾಮಮ್ಮ. ಹುಳಕ್ಕೆ ಘಾಟು ಆಗಬಾರದೆಂದು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದಳು. ಸೊಪ್ಪನ್ನು ಒಂದೊಂದೇ ಎಲೆ ಒರೆಸಿ ಹಾಕಿದಳು. ಗೂಡು ಕಟ್ಟಿದ ಮೇಲೆ ವೆಂಕಟರಾಮಪ್ಪ ಖುದ್ದಾಗಿ ಬಂದು, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ತಲೆದೂಗಿದ.

"ಕಳ್ಸಮ್ಮ, ನೋಡಣ. ಚಿಟ್ಟೆ ಚೆನ್ನಾಗಿ ಎದ್ರೆ ಇನ್ಮೇಲೆ ನಿಮ್ದೂ ಬಿತ್ತನೆ ಮನೆ."

ಕಳಿಸುವ ದಿನ ಮುನಿಶಾಮಮ್ಮ ಕುಕ್ಕೆಯ ತಳಕ್ಕೆ ತನ್ನ ಹಳೇ ಸೀರೆ ಹಾಸಿದಳು. "ಮೆತ್ತಗೆ ಹೋಗಯ್ಯ. ಯಾರಾನ ಮುಂದೆ ಹೋದ್ರೆ ಹೋಗ್ಲಿ ಬಿಡು."

"ನಂಗೇ ಸೈಕಲ್ ಹೇಳ್ಕೊಡ್ತೀಯಾ?" ಎಂದು ನಲ್ಲಪ್ಪ ನಕ್ಕ.

ಕೆರೆ ಏರಿ ದಾಟುವವರೆಗೂ ಎಲ್ಲ ಸರಿಯಾಗಿತ್ತು. ಆಮೇಲೆ ಹಿಂದಿನಿಂದ ಬೆಲ್ಲು. ಬಂದವನು ಅಮ್ಮಾಜಮ್ಮನ ಮಗ ರಾಮಾಂಜಿನಪ್ಪ, ಹೊಸ ಸೈಕಲ್ಲು. ದಾರಿ ಬಿಡು ಅನ್ನುವಂತೆ ಇನ್ನೊಮ್ಮೆ ಬೆಲ್ಲು ಹೊಡೆದು, ಪಕ್ಕದಲ್ಲಿ ಸರಿದು ಹೋಗುತ್ತ ತಮಾಷೆಗೆ ಕೂಗಿದ: "ಏಮಿರಾ ನಲ್ಲಪ್ಪ, ಮದ್ವೆ ಮೆರವಣಿಗೆ ಹೊಂಟಂಗಿದೆ!"

ನಲ್ಲಪ್ಪ ತಡೆದುಕೊಂಡ. ಸ್ವಲ್ಪ ದೂರ ನಿಜಕ್ಕೂ ತಡೆದುಕೊಂಡ. ಆದರೆ ಕಣ್ಣೆದುರಿಗೆ ಆ ಬಿಳಿ ಷರಟಿನ ಬೆನ್ನು ಆರಾಮವಾಗಿ, ಇವನ ಕಡೆ ತಿರುಗಿಯೂ ನೋಡದೆ ಹೋಗುತ್ತಿತ್ತು. ಕಾಲು ಅವನ ಮಾತು ಕೇಳಲಿಲ್ಲ. ಜಲ್ಲಿ ಕಿತ್ತುಬಂದ ರಸ್ತೆ, ಇಳಿಜಾರು ಬೇರೆ. ಕುಕ್ಕೆಯೊಳಗೆ ಗೂಡುಗಳು ಎಗರಿ ಎಗರಿ ಬೀಳುವ ಸದ್ದು ಅವನಿಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಗುಂಡಿಗಳ ಮೇಲೇ ಹಾರಿಸಿಕೊಂಡು ಹೋಗಿ ರಾಮಾಂಜಿನಪ್ಪನನ್ನು ಹಿಂದೆ ಹಾಕಿದ ಮೇಲೂ ನಿಲ್ಲಿಸದೆ, ಬೆವರು ಕಣ್ಣಿಗಿಳಿಯುವ ತನಕ ತುಳಿದ. ಗೆದ್ದೆನೆಂದು ತಿರುಗಿ ನೋಡಿದರೆ ರಾಮಾಂಜಿನಪ್ಪ ದೂರದಲ್ಲಿ ಹೊಂಗೆಮರದ ಕೆಳಗೆ ಸೈಕಲ್ ಒರಗಿಸಿ ಬೀಡಿ ಹಚ್ಚುತ್ತಿದ್ದ.

ಆಗ ಕುಕ್ಕೆಯ ನೆನಪಾಯಿತು. ಇಳಿದು ಕುಕ್ಕೆ ಬಿಚ್ಚಿ ನೋಡಿದ. ಒಂದು ಗೂಡೂ ನುಜ್ಜಾಗಿರಲಿಲ್ಲ. ಮೂಲೆಗೆ ಸೇರಿದ್ದನ್ನೆಲ್ಲ ಮೆಲ್ಲಗೆ ಹರಡಿ, ಸೀರೆ ಸರಿಮಾಡಿ, ಉಳಿದ ದಾರಿಯನ್ನು ತಳ್ಳಿಕೊಂಡೇ ಹೋದ. ವೆಂಕಟರಾಮಪ್ಪನೂ ಮೇಲೆ ಮೇಲೆ ನೋಡಿ ಸರಿಯೆಂದು ಇಳಿಸಿಕೊಂಡ.

ಚಿಟ್ಟೆ ಏಳುವ ಹೊತ್ತಿಗೆ ಅವನೇ ಹೇಳಿ ಕಳಿಸಿದ. ನಲ್ಲಪ್ಪ ಹೋಗಿ ನೋಡಿದರೆ ತಟ್ಟೆಯ ತುಂಬ ಗೂಡು ಹಾಗೇ ಬಿದ್ದಿದ್ದವು. ಎದ್ದದ್ದು ಕೆಲವೇ ಚಿಟ್ಟೆ, ಅವಕ್ಕೂ ರೆಕ್ಕೆ ಮುದುರಿತ್ತು. ಉಳಿದವು ಒಳಗೇ ಸತ್ತಿದ್ದವು.

"ದಾರೀಲೇನಾದ್ರೂ ಕುಲುಕ್ಸಿದ್ಯೇನೋ?" ಎಂದು ವೆಂಕಟರಾಮಪ್ಪ ಕೇಳಿದ. ನಿಜ ಹೇಳಲು ಅದಕ್ಕಿಂತ ಸಲೀಸಾದ ಗಳಿಗೆ ಮತ್ತೆ ಬರಲಿಲ್ಲ.

"ನಾನಾ? ಇಷ್ಟು ವರ್ಷದಲ್ಲಿ ನಾನ್ಯಾವತ್ತಾನ ಕುಲುಕ್ಸಿದೀನಾ ಸ್ವಾಮಿ?"

ವೆಂಕಟರಾಮಪ್ಪ ನಿಟ್ಟುಸಿರು ಬಿಟ್ಟ. "ಅದೂ ನಿಜವೇ. ಹಂಗಾದ್ರೆ ನಿನ್ನ ಹೆಂಡ್ತಿ ಕೈಗುಣ ಅಷ್ಟೇ ಕಣಪ್ಪ. ಮುಂದಕ್ಕೆ ಬೇಡ."

ಆ ಒಂದು ಮಾತು ನಲ್ಲಪ್ಪನಿಗಿಂತ ಮೊದಲೇ ಊರು ಸೇರಿತು. ಅವನು ಸೈಕಲ್ ಇಳಿಯುವಾಗ ಅಮ್ಮಾಜಮ್ಮ ಜಗುಲಿಯ ಮೇಲೆ, "ನಾನವತ್ತೇ ಹೇಳ್ಲಿಲ್ವಾ?" ಎನ್ನುತ್ತಿದ್ದಳು. ಮುನಿಶಾಮಮ್ಮ ಅಳಲಿಲ್ಲ. ಅಂಗೈ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಲ್ಲಪ್ಪ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡ. ಹೇಡಿ!

ಅಲ್ಲಿಂದ ಆಕೆ ಹುಳದ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಕೇರಿಯಲ್ಲಿ ಯಾರ ಮನೆಯಲ್ಲಿ ಹುಳ ಸಾಕುತ್ತಿದ್ದರೂ, ಅವಳು ಆ ಕಡೆ ಬರದಿದ್ದರೆ ಒಳ್ಳೆಯದೆಂದು ಅವರ ಮುಖವೇ ಹೇಳುತ್ತಿತ್ತು. ಇತ್ತ ನಲ್ಲಪ್ಪ ಕುಕ್ಕೆ ಖಾಲಿಯಿದ್ದಾಗಲೂ ಮೆಲ್ಲಗೆ ತುಳಿಯತೊಡಗಿದ. ಪಡ್ಡೆ ಹುಡುಗರು ಹಿಂದೆ ಹಾಕಿ ಹೋದರೂ ತಲೆ ಎತ್ತುತ್ತಿರಲಿಲ್ಲ. ನಲ್ಲಪ್ಪನಷ್ಟು ತಾಳ್ಮೆಯವರು ಈ ಸೀಮೆಯಲ್ಲೇ ಇಲ್ಲವೆಂದು ಜನ ಹೊಗಳಿದರು. ಆ ಹೊಗಳಿಕೆ ಅವನ ಬಾಯಿಗೆ ಇನ್ನೊಂದು ಬೀಗ ಹಾಕಿತು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಮಗನಿಗೆ ಮದುವೆಯಾಗಿ ಸೊಸೆ ಗಂಗುಲಮ್ಮ ಬಂದಳು. ಅವಳು ಸಾಕಿದ ಮೊದಲ ಹುಳವೇ ಸೊಗಸಾಗಿ ಬಂತು. ಸೊಸೆಯ ಕಾಲುಗುಣ ಚೆನ್ನಾಗಿದೆ ಎಂದು ಕೇರಿಯೆಲ್ಲ ಮಾತಾಡಿಕೊಂಡಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮುನಿಶಾಮಮ್ಮ. ಆದರೂ ಸೊಸೆ ಸೊಪ್ಪಿನ ಕುಕ್ಕೆ ಎತ್ತಿಕೊಡಲು ಕರೆದಾಗ ಗಾಬರಿಯಿಂದ ಹಿಂದೆ ಸರಿದಳು. "ನಾನು ಮುಟ್ಟಲ್ಲ ಕಣಮ್ಮ, ನನ್ ಕೈ ಬೇಡ."

ಅದನ್ನು ಕೇಳಿ ನಲ್ಲಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ನಿನ್ ಕೈಗುಣ ಅಲ್ಲ ಕಣೇ," ಎಂದ. "ನನ್ ಕಾಲುಗುಣ. ಅವತ್ತು ರಾಮಾಂಜಿನಪ್ಪನ ಜೊತೆ ಪಂದ್ಯ ಬಿದ್ದು ನಾನೇ ಸಾಯಿಸ್ದೆ."

ಮುನಿಶಾಮಮ್ಮ ಮೊದಲು ಕಕ್ಕಾಬಿಕ್ಕಿಯಾದಳು. ಆಮೇಲೆ, ಎಷ್ಟೋ ವರ್ಷದಿಂದ ನಗದಿದ್ದವಳು, ಬಾಯಿ ತುಂಬ ನಕ್ಕಳು. "ಗಂಡಸ್ರಿಗೆ ಎಲ್ಲಾನ ಕಾಲುಗುಣ ಇರ್ತದೇನಯ್ಯ?"

"ದೇವರಾಣೆ ಕಣೇ!" ಎಂದವನೇ ನಲ್ಲಪ್ಪ ಬೀದಿಗೆ ಓಡಿ, ಹೊಲದ ಕಡೆ ಹೊರಟಿದ್ದ ರಾಮಾಂಜಿನಪ್ಪನನ್ನು ಬಾಗಿಲಿಗೆ ಕರೆತಂದ. "ಹೇಳಿ, ಕೆರೆ ಏರಿ ದಾಟಿ ನಾವು ಪಂದ್ಯ ಕಟ್ಟಲಿಲ್ವಾ? ನಾನು ನಿಮ್ಮನ್ನ ಹಿಂದೆ ಹಾಕ್ಲಿಲ್ವಾ?"

ರಾಮಾಂಜಿನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಪಂದ್ಯಾನೋ? ನೀನು ಇರುವೆ ಥರ ಹೋಗೋನು, ನಿಂಜೊತೆ ಪಂದ್ಯಾನಾ?" ಎಂದು ನಕ್ಕು ಹೊರಟುಹೋದ.

ಮುನಿಶಾಮಮ್ಮ ಗಂಡನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ಅವನು ಹೆದರಿದ್ದ ಸಿಟ್ಟು ಇರಲಿಲ್ಲ. "ನೀನು ಒಳ್ಳೇನು ಕಣಯ್ಯ," ಎಂದಳು. "ನನ್ ಸಮಾಧಾನಕ್ಕೆ ನನ್ ಪಾಪಾನ ನಿನ್ ತಲೆ ಮೇಲೆ ಹಾಕ್ಕೋಬೇಡ."

ಒಳಗೆ ಸೊಸೆ ಹುಳಕ್ಕೆ ಸೊಪ್ಪು ಹರಡುತ್ತಿದ್ದಳು. ಮುನಿಶಾಮಮ್ಮ ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡು, ಹೊಸ್ತಿಲಿನ ಈಚೆಗೇ ನಿಂತು ನೋಡತೊಡಗಿದಳು.